ಸೀಗವ್ವ ಮಾಡಿಕೊಂಡ ರಾಜಿ

ಕಲ್ಲು ಜಾಸ್ತಿ, ನೀರು ಕಡಿಮೆ ಇದ್ದ ಒಂದು ಕಾಡಿನಲ್ಲಿ ಮುಳ್ಳುಹಂದಿಗಳದೊಂದು ಪುಟ್ಟ ನಾಡಿತ್ತು. ನಾಡು ಅಂದರೆ ಏನು ಮಹಾ! ಒಂದು ಗುಡ್ಡ, ಗುಡ್ಡದ ತುಂಬ ಬಿಲಗಳು, ತಿನ್ನಲು ಗೆಡ್ಡೆಗೆಣಸು. ಹಳ್ಳದ ಆಚೆ ದಡದಲ್ಲಿ ಸೀಳುನಾಯಿಗಳ ದೊಡ್ಡ ಸೀಮೆ. ನಡುವೆ ಒಂದೇ ಒಂದು ಮಡು. ಬೇಸಿಗೆಯಲ್ಲಿ ಬೇರೆಲ್ಲೂ ಹನಿ ನೀರು ಸಿಗುತ್ತಿರಲಿಲ್ಲ. ಆ ವರ್ಷ ಸೀಳುನಾಯಿಗಳು ಮಡುವಿನ ಸುತ್ತ ಕೂತೇಬಿಟ್ಟವು. ನೀರಿಗೆ ಹೋದ ಮುಳ್ಳುಹಂದಿ ತಿರುಗಿ ಬರುವುದು ಅಪರೂಪವಾಯಿತು.

ಮುಳ್ಳುಹಂದಿಗಳ ಯಜಮಾನ ಕಾರೆಯಪ್ಪ. ಅವನ ಹೆಂಡತಿ ಸೀಗವ್ವ. ಮರಿಗಳು ಬಾಯಾರಿ ಒಣಬೇರು ಚೀಪುವುದನ್ನು ಕಂಡಾಗಲೆಲ್ಲ ಅವಳ ಕರುಳು ಕಿತ್ತು ಬರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನರಿ ಬಂತು. ಸೀಳುನಾಯಿಗಳ ಒಡೆಯ ಕೆಂಚರಾಯನ ಎಂಜಲು ತಿಂದು ಕೊಬ್ಬಿದ್ದ ನರಿ ಅದು. ಮಾತು ಮಾತ್ರ ಬೆಣ್ಣೆಯಂಥದ್ದು.

"ಯಜಮಾನರೇ, ನಮ್ಮ ರಾಯರಿಗೆ ನಿಮ್ಮ ಮೇಲೆ ದ್ವೇಷವೇ ಇಲ್ಲ. ಆದರೆ ನೀವು ಕಂಡ ಕೂಡಲೇ ಬೆನ್ನು ತಿರುಗಿಸಿ ಮುಳ್ಳು ಕೆದರುತ್ತೀರಲ್ಲ, ಅದೇ ಅವರಿಗೆ ಅವಮಾನ. ದೊಡ್ಡವರ ಮುಂದೆ ಹಾಗೆ ನಿಲ್ಲೋದುಂಟೇ? ನಾಳೆ ಬನ್ನಿ. ಮುಳ್ಳು ಮಡಚಿ, ಎದುರಿಗೆ ನಿಂತು ಒಂದು ನಮಸ್ಕಾರ ಮಾಡಿ. ಮಡು ನಿಮ್ಮದೂ ಹೌದು ಅಂದುಬಿಡ್ತಾರೆ" ಎಂದಿತು.

ನರಿ ಅತ್ತ ಹೋದದ್ದೇ ಸೀಗವ್ವ ಗಂಡನನ್ನು ಹಿಡಿದುಕೊಂಡಳು.

"ಹೋಗಬೇಡಿ ಅಂದ್ರೆ. ನಮ್ಮ ಮುಖದಲ್ಲಿ ಒಂದು ಮುಳ್ಳಾದರೂ ಇದೆಯೇ? ನಮ್ಮ ಜೀವ ಇರೋದೇ ಬೆನ್ನಲ್ಲಿ. ಅಜ್ಜ ಮುತ್ತಜ್ಜ ಎಲ್ಲ ಬೆನ್ನು ತಿರುಗಿಸಿಯೇ ಬದುಕಿದ್ದು."

"ಗೊತ್ತು ಸೀಗೀ. ಆದರೆ ಯಾರಾದರೊಬ್ಬರು ಮೊದಲು ನಂಬಬೇಕಲ್ಲ? ಮರಿಗಳ ಮುಖ ನೋಡೋಕಾಗ್ತಿಲ್ಲ ನನಗೆ."

ಪುಣ್ಯಾತ್ಮ, ಅಷ್ಟು ಒಳ್ಳೆಯವನು.

ಮರುದಿನ ಬೆಳಿಗ್ಗೆ ಕಾರೆಯಪ್ಪ ಒಬ್ಬನೇ ಮಡುವಿನ ದಂಡೆಗೆ ಇಳಿದ. ಸೀಗವ್ವ ಬಂಡೆಯ ಮೇಲೆ ನಿಂತು ನೋಡುತ್ತಿದ್ದಳು. ಅವನು ಮುಳ್ಳು ಮಡಚಿದ. ಮುಖ ಮುಂದೆ ಮಾಡಿ ತಲೆ ಬಾಗಿದ. ಕೆಂಚರಾಯ ಬಾಲ ಆಡಿಸುತ್ತ ಹತ್ತಿರ ಬಂದ. "ಬಾ ಮಾರಾಯ, ಬಾ" ಅಂದ. ಅಂದವನೇ ಗಬಕ್ಕನೆ ಮುಖಕ್ಕೆ ಬಾಯಿ ಹಾಕಿದ. ಕಾರೆಯಪ್ಪನಿಗೆ ಕೂಗಲೂ ಆಗಲಿಲ್ಲ. ನರಿ ನೆಲದಲ್ಲಿ ಬಿದ್ದು ಬಿದ್ದು ನಕ್ಕಿತು. ಅದರ ನಗುವಿಗೆ ಬೆಂಕಿ ಹಾಕ!

ಸೀಗವ್ವನಿಗೆ ಗಂಡನ ಹೆಣದ ಹತ್ತಿರ ಹೋಗುವ ಹಾಗೂ ಇರಲಿಲ್ಲ. ಅಳಲು ಪುರುಸೊತ್ತೂ ಸಿಗಲಿಲ್ಲ. ಹರೆಯದವರೆಲ್ಲ ಬಂದು ಸುತ್ತಿಕೊಂಡರು.

"ನುಗ್ಗೋಣ ದೊಡ್ಡವ್ವಾ! ಸತ್ತರೆ ಸಾಯೋಣ!"

"ನೀವು ಸತ್ತ ಮೇಲೆ ನೀರು ಕುಡಿಯೋರು ಯಾರ್ರೋ?" ಎಂದಳು ಸೀಗವ್ವ.

ಅಂದು ಸಂಜೆ ಇಡೀ ನಾಡೇ ಗುಡ್ಡ ಇಳಿಯಿತು. ಮರಿಗಳನ್ನು ನಡುವೆ ಹಾಕಿಕೊಂಡು ದೊಡ್ಡವರೆಲ್ಲ ಸುತ್ತ ನಿಂತಿದ್ದರು. ಮುಖ ಒಳಗೆ, ಬೆನ್ನು ಹೊರಗೆ. ಒಂದೊಂದೇ ಹೆಜ್ಜೆ ಸರಿಯುತ್ತ ಮಡುವಿನ ಕಡೆ ಬಂದರು. ಮುಳ್ಳುಗಳು ಗಲಗಲ ಸದ್ದು ಮಾಡುತ್ತಿದ್ದವು.

ಎರಡು ಸೀಳುನಾಯಿಗಳು ಹಾರಿ ಬಂದವು. ಎರಡೂ ಕುಂಟುತ್ತ ವಾಪಸಾದವು. ಕೆಂಚರಾಯ ನರಿಯನ್ನು ಮುಂದೆ ತಳ್ಳಿದ. "ಇವರ ನಾಡಿ ಮಿಡಿತ ಗೊತ್ತು ಅಂತಿದ್ದೆಯಲ್ಲ, ಹೋಗು. ಮುಖ ತಿರುಗಿಸುವ ಹಾಗೆ ಮಾಡು."

ನರಿ ಹಲ್ಲು ಗಿಂಜುತ್ತ ಹತ್ತಿರ ಬಂತು. "ಅವ್ವಾ ಸೀಗವ್ವಾ, ಆದದ್ದು ಆಗಿಹೋಯ್ತು. ನಿಮ್ಮ ಯಜಮಾನರಿಗಿಂತ ನೀವು ಬುದ್ಧಿವಂತರು. ಸ್ವಲ್ಪ ಇತ್ತ ನೋಡಿ..."

ಸೀಗವ್ವ ನೋಡಲಿಲ್ಲ. ರಪ್ಪನೆ ಎರಡು ಹೆಜ್ಜೆ ಹಿಂದಕ್ಕೆ ನುಗ್ಗಿದಳು. ನರಿಯ ಬಾಯಿ, ಮೂಗು, ಗಂಟಲು ಎಲ್ಲ ಮುಳ್ಳು. ಕಿರುಚುತ್ತ ಒಡೆಯನ ಕಾಲ ಬಳಿ ಓಡಿತು. ತನಗೆ ಚುಚ್ಚೀತೆಂದು ಒಡೆಯ ದೂರ ಸರಿದ. ಆಮೇಲೆ ಆ ಬಾಯಿಗೆ ಒಂದು ತುತ್ತೂ ಇಳಿಯಲಿಲ್ಲ. ನರಿ ವಾರವಿಡೀ ನರಳಿ ಸತ್ತಿತು. ಒಂದೇ ಒಂದು ಮುಳ್ಳು ಕಿತ್ತು ಕೊಡಲು ಯಾವ ಸೀಳುನಾಯಿಯೂ ಹತ್ತಿರ ಹೋಗಲಿಲ್ಲ.

ಆ ಸಂಜೆ ನರಿ ಓಡಿದ್ದೇ ಮಡುವಿನ ದಂಡೆಯಲ್ಲಿ ಕೆಂಚರಾಯ ಯೋಚನೆಗೆ ಬಿದ್ದ. ನಾಯಿಗಳೆಲ್ಲ ಕುಂಟಾದರೆ ನಾಳೆ ಜಿಂಕೆ ಅಟ್ಟುವವರು ಯಾರು?

"ಏನು ಬೇಕು ನಿನಗೆ?" ಎಂದು ಕೇಳಿದ.

"ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ನೀರು."

"ನನಗೇನು ಸಿಗುತ್ತೆ?"

ಬರಿಗೈಯಲ್ಲಿ ಹೋದರೆ ತನ್ನವರ ಮುಂದೆ ಅವನ ಮಾನ ಹೋಗುತ್ತದೆ. ಮಾನ ಹೋದ ಬಲಶಾಲಿ ನಾಳೆ ಮತ್ತೆ ಬರುತ್ತಾನೆ. ಸೀಗವ್ವನಿಗೆ ಅದು ತಿಳಿದಿತ್ತು.

"ಗುಡ್ಡದ ತೆಂಕಣ ಮಗ್ಗುಲು ತಗೊಳ್ಳಿ. ನಿಮ್ಮವರು ಮರಿ ಹಾಕೋಕೆ ಒಳ್ಳೆಯ ಬಿಲಗಳಿವೆ."

ಅವಳ ಮನೆಯೂ ಆ ಮಗ್ಗುಲಲ್ಲೇ ಇತ್ತು. ಮದುವೆಯಾದ ಹೊಸದರಲ್ಲಿ ಕಾರೆಯಪ್ಪ ಉಗುರು ಸವೆಸಿ ತೋಡಿದ ಬಿಲ ಅದು.

"ಕೊಂದವರಿಗೆ ಮನೆಯನ್ನೂ ಕೊಡ್ತೀಯಾ? ನಾಚಿಕೆಯಾಗಲ್ವಾ ನಿನಗೆ?" ಎಂದು ಅವಳದೇ ಬಳಗ ಕೂಗಿತು. ಸೀಳುನಾಯಿಯ ಹಲ್ಲಿಗಿಂತ ಆ ಮಾತು ಹೆಚ್ಚು ನೋಯಿಸಿತು. ಆದರೂ ಅವಳು ಮಾತು ಹಿಂತೆಗೆಯಲಿಲ್ಲ.

"ಹಾಗಾದರೆ ಮುಖ ಕೊಟ್ಟು ಮಾತು ಕೊಡು" ಅಂದ ಕೆಂಚರಾಯ.

"ನಾವು ಮಾತು ಕೊಡೋದು ಬೆನ್ನು ನಿಮ್ಮ ಕಡೆ ಮಾಡಿಯೇ ರಾಯರೇ. ಇದನ್ನೇ ನಮಸ್ಕಾರ ಅಂದ್ಕೊಳ್ಳಿ."

ಕೆಂಚರಾಯ ಆ ಮುಳ್ಳುಗಳನ್ನು ಒಮ್ಮೆ ನೋಡಿದ. ಗುರ್ ಎಂದ. ಆಮೇಲೆ ದಾರಿ ಬಿಟ್ಟ.

ಅಂದಿನಿಂದ ಮುಳ್ಳುಹಂದಿಗಳು ಎರಡು ಹೊತ್ತು ನೀರು ಕುಡಿದವು. ಮಡುವಿನ ದಾರಿ ಆ ಹಳೆಯ ಬಿಲದ ಮುಂದೆಯೇ ಹಾದುಹೋಗುತ್ತಿತ್ತು. ಅದರ ಬಾಗಿಲಲ್ಲಿ ಈಗ ಸೀಳುನಾಯಿ ಮರಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಬಳಗದ ಎಷ್ಟೋ ಮಂದಿ ಸೀಗವ್ವನ ಜೊತೆ ಮಾತು ಬಿಟ್ಟಿದ್ದರು. ನೀರು ಮಾತ್ರ ದಿನಾ ಕುಡಿಯುತ್ತಿದ್ದರು.

ಒಂದು ಸಂಜೆ ಅವಳ ಮಗಳು ಮಡುವಿನ ಹತ್ತಿರ ತಡೆಯಲಾರದೆ ಕೇಳಿದಳು. "ಅವ್ವಾ, ಅವರನ್ನ ಕ್ಷಮಿಸಿಬಿಟ್ಟೆಯಾ?"

ಸೀಗವ್ವ ಆ ಬಿಲದ ಕಡೆ ನೋಡಿದಳು. ಅವಳ ಕಣ್ಣು ತುಂಬಿತು.

"ಇಲ್ಲ ಮಗಳೇ. ಈ ಜನ್ಮದಲ್ಲಿ ಆಗಲ್ಲ. ನೀನು ನೀರು ಕುಡಿ."

ನೀತಿ: ಬಲಶಾಲಿ ಹಗೆಯೊಡನೆ ರಾಜಿಯಾಗುವಾಗ ಸಣ್ಣವರು ನೆಲ ಬಿಡಬೇಕಾದೀತು, ದುಃಖ ನುಂಗಬೇಕಾದೀತು, ತಮ್ಮನ್ನು ಕಾಯುವ ಬಲವನ್ನು ಮಾತ್ರ ಎಂದೂ ಬಿಟ್ಟುಕೊಡಬಾರದು.