ಬಳೆ ಕಾಣ್ಬೇಕು, ಬೆರಳು ಕಾಣ್ಬಾರ್ದು

ಹ್ಞೂಂ ಅಂತಾ ಇರ್ಬೇಕು, ಕಂದ. ನೀನು ಹ್ಞೂಂ ಅನ್ನೋದು ನಿಲ್ಲಿಸಿದ್ರೆ ಕತೇಲಿರೋ ಜನ ನಡೆಯೋದು ನಿಲ್ಲಿಸಿಬಿಡ್ತಾರೆ. ಆಯ್ತಾ? ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ, ಹೊಳೆಯಿಂದ ಅರ್ಧ ದಿನದ ದಾರಿ ದೂರದಲ್ಲಿ ಒಂದು ಬೆಸ್ತರ ಮನೆ ಇತ್ತಂತೆ. ಆ ಮನೆ ಯಜಮಾನ ಕೆಂಡಗಣ್ಣಪ್ಪ, ಹೊಳೆ ದೂರ ಆಯ್ತು ಅಂತ ಹಿತ್ತಲಲ್ಲೇ ಒಂದು ಮೀನಿನ ಹೊಂಡ ತೋಡಿದ್ನಂತೆ. ಒಬ್ಬನೇ ಆಳು, ಒಂದು ಗುದ್ದಲಿ, ಒಂದು ಮಂಕರಿ, ಏಳು ಬೇಸಿಗೆ. ಏಳನೇ ಬೇಸಿಗೆಗೆ ಹೊಂಡಾನೂ ಮುಗೀತು, ಅವನ ಆಯಸ್ಸೂ ಮುಗೀತು. ಸಾಯೋ ಮುಂಚೆ ಹೆಂಡ್ತಿ ಮಲ್ಲಾಜಮ್ಮನ್ನ ಹತ್ರ ಕರೆದು, ನೋಡೇ, ಮಾರ್ನಮಿ ಅಮಾಸೆಗೆ ನನಗೆ ಎಡೆ ಇಡ್ತೀಯಲ್ಲ, ಅದಕ್ಕೆ ನನ್ನ ಹೊಂಡದ್ದೇ ಮೀನು ಇಡು, ತಲೆ ಎಲೆಯಿಂದ ಆಚೆ ಇರ್ಬೇಕು, ಬಾಲ ಎಲೆಯಿಂದ ಈಚೆ ಇರ್ಬೇಕು, ಅಂಥಾದ್ದು ಅಂದ್ನಂತೆ.

ಎಡೆ ಅಂದ್ರೆ ಗೊತ್ತಲ್ಲ, ತೀರಿಕೊಂಡ ಹಿರಿಯರಿಗೆ ಅವರಿಗೆ ಇಷ್ಟ ಆಗಿದ್ದನ್ನ ಬೇಯಿಸಿ ಎಲೆ ಮೇಲೆ ಇಟ್ಟು ಕೈ ಮುಗಿಯೋದು.

ಆದ್ರೆ ಆ ಹೊಂಡದಲ್ಲಿ ಮೀನು ಬೆರಳುದ್ದಕ್ಕಿಂತ ಬೆಳೀತಾನೇ ಇರ್ಲಿಲ್ವಂತೆ. ವರ್ಷಾ ವರ್ಷ ಪಕ್ಕದೂರಿನ ಬಲೆಯ ಮೀನು ತಂದು ಎಡೆ ಇಡೋದು, ಮಲ್ಲಾಜಮ್ಮ ಅದರ ಮುಂದೆ ಕೂತು, ಅಯ್ಯೋ ಯಜಮಾನ್ರು ಬಂದು ನೋಡಿ ಹಸ್ಕೊಂಡೇ ಎದ್ದು ಹೋಗ್ತಾರಲ್ಲಪ್ಪ ಅಂತ ಅಳೋದು. ಆಮೇಲೆ ಒಂದು ವರ್ಷ ಅತ್ತೂ ಅತ್ತೂ ಸಾಕಾಗಿ ಮೂರು ಜನ ಸೊಸೆಯರನ್ನೂ ಕೂರಿಸ್ಕೊಂಡು, ನನ್ನ ಗಂಡುಮಕ್ಕಳು ಹೊಳೇಲಿ ಹರಗೋಲು ಹಾಕೋಕೆ ಹೋದ್ರೆ ಹಬ್ಬಕ್ಕೇ ಬರೋದು, ಈ ಹೊಂಡ ನಿಮ್ಮದು, ಒಬ್ಬೊಬ್ಬಳಿಗೆ ಒಂದೊಂದು ವರ್ಷ, ಮೂರು ಮಾರ್ನಮಿ ನೋಡ್ತೀನಿ, ಎಲೆ ಮೀರೋ ಮೀನು ಬರ್ಲಿಲ್ವೋ, ನಿಮ್ಮ ಮಾವನ ಬೆವರು ಬಿದ್ದ ಹೊಂಡ ಅಂತಾನೂ ನೋಡ್ದೆ ನನ್ನ ಕೈಯಾರೆ ಮುಚ್ತೀನಿ ಅಂದ್ಲಂತೆ.

ಮೊದಲು ಹಿರೀ ಸೊಸೆ ಮಾದಾಜಿ. ಅವಳಿಗೆ ಚೊಕ್ಕಟ ಅಂದ್ರೆ ಪ್ರಾಣ. ಒಲೆಬೂದಿನೂ ಜರಡಿ ಹಿಡಿದು ಇಡೋಳು. ದಿನಾ ಬೆಳಿಗ್ಗೆ ಹೊಂಡದ ಎಲೆ ಆರಿಸಿ, ಪಾಚಿ ಕೆರೆದು ತೆಗೆದು, ಬಾವಿ ನೀರು ಹೊತ್ತು ತಂದು ಹಾಕಿ, ನೀರು ಹೆಂಗಾಯ್ತು ಅಂದ್ರೆ ತಳದಲ್ಲಿ ಬಿದ್ದ ಸೂಜಿ ಕಾಣ್ಬೇಕು ಹಂಗಾಯ್ತಂತೆ. ಊರವರೆಲ್ಲ ಬಂದು ಮುಖ ನೋಡ್ಕೊಂಡು ತಲೆ ಬಾಚ್ಕೊಂಡು ಹೋಗೋರಂತೆ. ಮೀನು? ಮೀನು ಆ ಚೊಕ್ಕಟ ನೀರಲ್ಲಿ ತಿನ್ನೋಕೇನೂ ಇಲ್ದೆ ಕಡ್ಡಿ ಆಗಿದ್ವಂತೆ. ನಡು ಸೊಸೆ ಚೌಡಮ್ಮ ನಕ್ಕು, ಅಕ್ಕಾ, ನೀನು ಮೀನು ಸಾಕಿದ್ದಲ್ಲ ಕಣಕ್ಕ, ಕನ್ನಡಿ ಉಜ್ಜಿದ್ದು ಅಂದ್ಲಂತೆ.

ಎರಡನೇ ವರ್ಷ ಆ ಚೌಡಮ್ಮನದ್ದೇ ಸರದಿ. ಅವಳದ್ದು ದೊಡ್ಡ ಕೈ, ನಾಲ್ಕು ಜನಕ್ಕೆ ಹದಿನಾಲ್ಕು ಜನದ ಸಾರು ಮಾಡೋಳು. ಹೊಲಕ್ಕೆ ಗೊಬ್ಬರ ಹಾಕಿದ್ರೆ ಪೈರು ಬರ್ತದೆ, ಹೊಂಡಕ್ಕೆ ಹಾಕಿದ್ರೆ ಮೀನು ಬರ್ದೆ ಇರ್ತದಾ ಅಂತ, ಒಂದೇ ದಿನ ತಿಪ್ಪೆ ಇಡೀ ಎತ್ತಿ ಹೊಂಡಕ್ಕೆ ಸುರಿದ್ಲಂತೆ. ನೀರು ಹಸಿರಾಯ್ತು, ಕಡು ಹಸಿರಾಯ್ತು, ಅರೆದ ಸೊಪ್ಪಿನ ಹಂಗೆ ಮಂದ ಆಯ್ತು. ಒಂದಿನ ಬೆಳ್ಳಂಬೆಳಿಗ್ಗೆ ನೋಡ್ತಾರೆ, ಮೀನೆಲ್ಲ ನೀರ ಮೇಲೆ ಬಂದು ಬಾಯಿ ಬಿಡ್ತಾ ಇವೆ, ಹಿಂಗೆ, ಪಕ್ ಪಕ್ ಅಂತ. ಉಸಿರು ಸಾಲ್ದೆ ಅರ್ಧಕ್ಕರ್ಧ ಸತ್ತೇ ಹೋದ್ವಂತೆ. ಈಗ ನಗೋ ಸರದಿ ಮಾದಾಜೀದು. ಏನೇ ಚೌಡಿ, ಮೀನಿಗೆ ಬೀಗರೂಟ ಹಾಕಿದ್ಯಾ ಅಂದ್ಲಂತೆ.

ಮೂರನೇದು ಕಿರೀ ಸೊಸೆ ಸಣ್ಣತಾಯಿ. ಮದುವೆ ಆಗಿ ಹೊಸದು, ಕೈ ತುಂಬ ಬಳೆ, ಯಾವಾಗ್ಲೂ ಘಲ್ ಘಲ್. ಇವಳಾ ಹೊಂಡ ಉಳಿಸೋಳು ಅಂತ ಓರಗಿತ್ತಿಯರು ಮೂಗು ಮುರಿದ್ರಂತೆ. ಅವಳು ಮೊದಲು ಮಾಡಿದ್ದೇನು ಗೊತ್ತಾ? ಉಳಿದ ಪುಟ್ಟ ಮೀನುಗಳನ್ನ ಹಂಡೆಗೆ ಹಾಕಿಟ್ಟು, ನೀರೆಲ್ಲ ಎತ್ತಿ ಹಾಕಿಸಿ, ಹೊಂಡಕ್ಕಿಳಿದು, ಕೆಸರು ಮೂಸಿ ನೋಡಿದ್ಲಂತೆ. ಅತ್ತೆಮ್ಮ, ಕೆಸರು ಹುಳಿ ನಾತ ಹೊಡೀತದೆ ಅಂದ್ಲು. ಮಲ್ಲಾಜಮ್ಮ ಬಾಯಲ್ಲಿದ್ದ ಎಲೆಯಡಿಕೇನ ಕೆನ್ನೆಗೆ ಒತ್ತಿ, ಅಜೀರ್ಣ ಆಗಿದೆ ಕಣೆ ಹೊಂಡಕ್ಕೆ, ಸುಣ್ಣ ಕೊಡು ಅಂದ್ಲಂತೆ, ತಮಾಷೆಗೆ. ಸಣ್ಣತಾಯಿ ನಿಜವಾಗ್ಲೂ ಸುಣ್ಣದ ಪುಡಿ ಎರಚಿ, ಬಿಸಿಲಿಗೆ ಬಿಟ್ಟು, ತಳ ಬಿರುಕು ಬಿಟ್ಟ ಮೇಲೆ ನೀರು ತುಂಬಿಸಿ, ಹಂಡೇಲಿದ್ದ ಮೀನನ್ನ ಮತ್ತೆ ಬಿಟ್ಟಳು. ಆಮೇಲೆ ನಾಲ್ಕು ಮೂಲೇಲಿ ನಾಲ್ಕು ಗೂಟ ನೆಟ್ಟು, ಒಂದೊಂದಕ್ಕೂ ಹಳೇ ಸಗಣಿ ಗೊಬ್ಬರದ ಒಂದೊಂದು ಮಂಕರಿ ಕಟ್ಟಿ, ನೀರಲ್ಲಿ ಅರ್ಧ ಮುಳುಗೋ ಹಂಗೆ ಬಿಟ್ಟಳಂತೆ. ರಸ ಇಷ್ಟಿಷ್ಟೇ ಇಳೀತು. ನೀರು ಎಳೇ ಹುರುಳಿಸೊಪ್ಪಿನ ಬಣ್ಣಕ್ಕೆ ತಿರುಗ್ತು. ಒಂದು ಸೌಟು ನೀರೆತ್ತಿ ಬಿಸಿಲಿಗೆ ಹಿಡಿದು ನೋಡ್ತಾಳೆ, ಧೂಳಿನಂಥಾ ಹುಳ ಕುಣೀತಾ ಇವೆ, ಆ ಹಸಿರನ್ನ ಹುಳ ತಿನ್ತವೆ, ಹುಳಾನ ಮೀನುಮರಿ ತಿನ್ತವೆ. ಓಹೋ, ನೀರೇ ಇವುಗಳ ಹೊಲ ಅಂತ ಅವಳಿಗೆ ಗೊತ್ತಾಯ್ತಂತೆ.

ಎಷ್ಟು ಹಸಿರು ಸಾಕು, ಎಷ್ಟು ಜಾಸ್ತಿ? ಅದಕ್ಕೊಂದು ಅಳತೆ ಹುಡುಕಿದ್ಲು. ದಿನಾ ಬೆಳಿಗ್ಗೆ ದಂಡೇಲಿ ಕೂತು ಮೊಣಕೈವರೆಗೂ ತೋಳು ನೆಟ್ಟಗೆ ಇಳಿಬಿಡೋದು. ಬೆರಳು ಕಂಡ್ರೆ ಮೀನಿಗೆ ಹಸಿವು, ಇನ್ನೊಂದು ಮಂಕರಿ ಗೊಬ್ಬರ. ಬೆರಳು ಮಾಯವಾಗಿ ಬಳೆ ಮಾತ್ರ ಕಂಡ್ರೆ ಸರಿ, ಸುಮ್ನಿರು. ಬಳೇನೂ ಕಾಣ್ಲಿಲ್ವೋ, ಗೊಬ್ಬರ ತೆಗಿ, ಹೊಸ ನೀರು ಬಿಡು.

ಹ್ಞೂಂ ಅನ್ನು. ಹಾಂ.

ಆದ್ರೆ ಅಷ್ಟು ಸುಲಭಾನಾ? ಒಂದಿನ ಬೆರಳು ಕಾಣ್ಲಿಲ್ಲ ಅಂತ ಖುಷಿಯಾಗಿ ಸುಮ್ನಿದ್ಲು, ಎರಡು ದಿನ ಆದ್ಮೇಲೆ ಬೊಗಸೇಲಿ ನೀರೆತ್ತಿದ್ರೆ ಹಸಿರಲ್ಲ, ಕೆಂಪು! ಎಮ್ಮೆ ಇಳಿದು ಹೊರಳಾಡಿ ಕೆಸರೆಬ್ಬಿಸಿತ್ತಂತೆ. ಅದಕ್ಕೆ ಸುತ್ತ ಮುಳ್ಳುಬೇಲಿ ಹಾಕಿ, ಕೆಸರು ಕೂರ್ಲಿ ಅಂತ ಹುಲ್ಲಿನ ಕಂತೆ ಬಿಟ್ಟಳು. ಅದಾದ ಮೇಲೆ ಒಂದು ಜಡಿಮಳೆ ಬಂದು, ಹೊಂಡ ಉಕ್ಕಿ, ಸಾಕಿದ ಹಸಿರೆಲ್ಲ ಕಾಲುವೆ ಹಿಡಿದು ಹೊರಟೋಯ್ತಂತೆ. ಸಣ್ಣತಾಯಿ ದಂಡೇಲಿ ಕೂತು ಒಂದು ಗಳಿಗೆ ಅತ್ತಳು, ಆಮೇಲೆ ಮೂಗು ಒರೆಸ್ಕೊಂಡು, ಮಳೆನೀರು ಪಕ್ಕದಲ್ಲೇ ಹೋಗೋ ಹಂಗೆ ಕಾಲುವೆ ತಿರುಗಿಸಿ, ಮತ್ತೆ ನಾಲ್ಕು ಮಂಕರಿ ಕಟ್ಟಿದ್ಲಂತೆ.

ಕೊನೇದೇ ಕಷ್ಟದ್ದು. ಮಾರ್ನಮಿಗೆ ಇನ್ನು ಹದಿನೈದೇ ದಿನ. ಬಿಸಿಲು ಜೋರಾಗಿ ನೀರು ಮಂದ ಆಗಿ, ತೋಳು ಇಳಿಬಿಟ್ರೆ ಬಳೇನೂ ಮಾಯ. ಸಣ್ಣತಾಯಿ ಮಂಕರಿ ಬಿಚ್ಚೋಕೆ ಹೋದ್ರೆ ಚೌಡಮ್ಮ ಕೈ ಹಿಡ್ಕೊಂಡು, ಏ ಹುಚ್ಚಿ, ಹಬ್ಬ ಹತ್ರ ಬಂತು, ಈಗ ಇನ್ನಷ್ಟು ತಿನ್ನಿಸ್ಬೇಕು ಅಂದ್ಲು. ಮಾದಾಜಿ, ಅಲ್ಲ, ನೀರೆಲ್ಲ ಚೆಲ್ಲಿ ಬಾವಿ ನೀರೇ ತುಂಬು ಅಂದ್ಲು. ಗಲಾಟೆ ಕೇಳಿ ಮಲ್ಲಾಜಮ್ಮ ಬಂದು, ಸರೀರೇ ಅತ್ಲಾಗೆ ಅಂತ ತಾನೇ ದಂಡೇಲಿ ಕೂತ್ಲಂತೆ. ಅವಳ ಕೈಗೆ ಬಳೆ ಇಲ್ಲ, ಗಂಡ ಹೋದ ದಿನವೇ ತೆಗೆದಿದ್ರು. ಆದ್ರೆ ಮಣಿಕಟ್ಟಲ್ಲಿ ಚಿಕ್ಕಂದಿನಲ್ಲಿ ಹೊಯ್ಸಿದ್ದ ಹಚ್ಚೆ ಇತ್ತು. ತೋಳು ಇಳಿಬಿಟ್ಟು ನೋಡಿ, ನನ್ನ ಹಚ್ಚೇನೂ ಕಾಣಿಸ್ತಿಲ್ಲ ಕಣ್ರೇ, ಮೀನಿಗೆ ಉಸಿರು ಕಟ್ತದೆ, ಸಣ್ಣವಳು ಹೇಳ್ದಂಗೆ ಮಾಡಿ, ಬಾಯಿ ಮುಚ್ಕೊಂಡು ಕೊಡ ತಗೊಳಿ ಅಂದ್ಲಂತೆ. ಮೂರೂ ಸೊಸೆಯರು ಸೇರಿ ಮಂಕರಿ ಬಿಚ್ಚಿ, ಅಷ್ಟು ಹಳೇ ನೀರು ತೆಗೆದು ಅಷ್ಟು ಹೊಸ ನೀರು ಹೊಯ್ದು, ಸಂಜೆವರೆಗೂ ಹೊತ್ತರಂತೆ. ಮಾರನೇ ದಿನ ಬೆಳಿಗ್ಗೆ ಎಲ್ಲರೂ ಓಡಿ ಹೋಗಿ ನೋಡ್ತಾರೆ, ನೀರ ಮೇಲೆ ಒಂದು ಬಾಯೂ ಇಲ್ಲ. ಎಲ್ಲೋ ನಡುವೆ ಒಂದು ಬಾಲ ಮಾತ್ರ ಧಡ್ ಅಂತ ಹೊಡೀತಂತೆ.

ಮಾರ್ನಮಿ ಬಂತು, ಗಂಡುಮಕ್ಕಳೂ ಬಂದ್ರು, ಬಲೆ ಬೀಸಿದ್ರು. ಬಲೆ ಎಳೆಯೋಕೆ ಹೋದ್ರೆ ಹಿರೀ ಮಗನೇ ಹೊಂಡಕ್ಕೆ ಬಿದ್ದನಂತೆ! ಅಂಥಾ ಗೆಂಡೆ ಮೀನು. ಮಲ್ಲಾಜಮ್ಮ ಅದನ್ನ ಇಡಿಯಾಗಿ ಬೇಯಿಸಿ ಮುತ್ತುಗದ ಎಲೆ ಮೇಲೆ ಇಟ್ಳು, ತಲೆ ಆಚೆ, ಬಾಲ ಈಚೆ. ಏನ್ರೀ, ಈಗ ನಿಧಾನಕ್ಕೆ ಕೂತು ಊಟ ಮಾಡಿ ಅಂತ ಅಂದು, ನಗ್ತಾ ನಗ್ತಾ ಕಣ್ಣೊರೆಸ್ಕೊಂಡ್ಲಂತೆ. ಆಮೇಲೆ ಎಡೆ ತಗೊಂಡು ಹೋಗಿ ಕಾಗೆಗೆ ಇಟ್ರೆ, ಒಂದು ಕಾಗೆ ಬಂತು, ಕೊಕ್ಕಲ್ಲಿ ಹಿಡಿದು ಎಳೀತು, ಅಲ್ಲಾಡ್ಲಿಲ್ಲ. ಸುತ್ತ ಒಂದು ಸುತ್ತು ನಡೀತು, ಕತ್ತು ಓರೆ ಮಾಡಿ ನೋಡ್ತು, ಹಾರಿಹೋಗಿ ತನ್ನ ಬಳಗಾನೆಲ್ಲ ಕರ್ಕೊಂಡು ಬಂತಂತೆ. ಮಲ್ಲಾಜಮ್ಮ, ನೋಡ್ರೇ, ನಿಮ್ಮ ಮಾವ ಒಬ್ಬರೇ ತಿನ್ನೋರಲ್ಲ, ಪಂಕ್ತೀನೇ ಕರ್ಕೊಂಡು ಬಂದವ್ರೆ ಅಂದಾಗ, ಹಿತ್ತಲೆಲ್ಲ ನಗೆಯಂತೆ.

ಹೊಂಡ ಮುಚ್ಚೋ ಮಾತು ಅವತ್ತಿಗೇ ನಿಂತೋಯ್ತು. ಮೀನೂ ಕೊಬ್ಬಿದ್ವು, ಮನೆಯವರೂ ಸುಖವಾಗಿದ್ರು. ಅವರು ಅಲ್ಲಿ ಮೀನು ತಿಂದ್ಕೊಂಡು ಇರ್ಲಿ, ನಾವು ಇಲ್ಲಿ ಕಂಬಳಿ ಹೊದ್ಕೊಂಡು ಇರೋಣ, ಕತೆ ಮುಗೀತು, ಕಣ್ಣು ಮುಚ್ಚು.