ರೇಡಿಯೇಟರಿಗೆ ಬಳಿದ ಹಸಿರು ಬಣ್ಣ

“ಅಜ್ಜಾರ, ಮನಸ್ಸಿನ ಕಡೀ ಬಿರುಕು ಹೆಂಗ ಮುಚ್ಚೂದ್ರಿ?” ಎಂದು ಈರಯ್ಯ ಕೇಳಿದ.

ಈರಯ್ಯ ಮಠದ ಶಿಷ್ಯ, ಅಜ್ಜ ಅಲ್ಲಿಯ ಸ್ವಾಮಿಗಳು. ವೈರಾಗ್ಯ ಬೇಕೆಂದು ಈರಯ್ಯ ಹಾಡು ಬಿಟ್ಟಿದ್ದ, ನಗೆ ಬಿಟ್ಟಿದ್ದ, ಊರಿನ ಸುದ್ದಿ ಕೇಳುವುದನ್ನೂ ಬಿಟ್ಟಿದ್ದ. ಆದರೆ ಗಂಡನನ್ನು ಕಳೆದುಕೊಂಡ ಅಕ್ಕ ಅಮಾವಾಸ್ಯೆಗೊಮ್ಮೆ ಬಂದು ಎದುರಿಗೆ ಕೂತು ಅತ್ತಾಗ ಅವನೊಳಗೆ ಏನೋ ಅಲುಗಾಡುತ್ತಿತ್ತು. ಅದೊಂದು ನಿಂತರೆ ತಾನು ಪಕ್ವನಾದಂತೆ ಎಂದು ಅವನ ಎಣಿಕೆ.

ಅಜ್ಜ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಕೂಡು. ಒಬ್ಬ ಬಣ್ಣದವನ ಕತಿ ಹೇಳತೀನಿ,” ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬಣ್ಣದವನಿದ್ದ. ಗೇಟು, ಕಿಟಕಿಯ ಸರಳು, ಕಬ್ಬಿಣದ ಟ್ರಂಕು, ಇವುಗಳಿಗೆ ಬಣ್ಣ ಬಳಿಯುವುದು ಅವನ ಕಸುಬು. ಕೈ ಬಹಳ ಚೊಕ್ಕ. ಬಣ್ಣಕ್ಕಿಂತ ಬಣ್ಣದ ಮೊದಲಿನ ಕೆಲಸವೇ ದೊಡ್ಡದು ಎಂದು ನಂಬಿದವನು. ತುಕ್ಕು ಕೆರೆಯಬೇಕು, ಜಿಡ್ಡು ತೊಳೆಯಬೇಕು, ತೂತು ಕಂಡರೆ ಪುಟ್ಟಿ ಮೆತ್ತಬೇಕು. ನಾನು ಮುಟ್ಟಿದ ಕಬ್ಬಿಣದಲ್ಲಿ ಸೂಜಿ ತೂರುವಷ್ಟು ಸಂದು ತೋರಿಸಿ ನೋಡೋಣ ಎನ್ನುತ್ತಿದ್ದ. ಜಂಬವೇನೋ ಹೌದು. ಆದರೆ ತೋರಿಸಿದವರು ಒಬ್ಬರೂ ಇರಲಿಲ್ಲ.

ಆಯುಧ ಪೂಜೆ ಹತ್ತಿರ ಬಂತು. ಆ ಹಬ್ಬಕ್ಕೆ ಊರಿನ ಕಬ್ಬಿಣವೆಲ್ಲ ಮದುಮಗನಂತೆ ಸಿಂಗರಿಸಿಕೊಳ್ಳುತ್ತದೆ. ಒಬ್ಬ ಲಾರಿಯವನು ತನ್ನ ಲಾರಿಯ ರೇಡಿಯೇಟರ್ ಬಿಚ್ಚಿ ಹೊತ್ತು ತಂದ. ಎಂಜಿನ್ನಿನ ಮುಂದೆ ಕೂರುವ ತಗಡಿನ ಜಾಲರಿ ಅದು. ಅವನಿಗೆ ಇದ್ದದ್ದು ಆ ಒಂದೇ ಲಾರಿ, ಮನೆಯವರೆಲ್ಲರ ಅನ್ನ ಅದರಿಂದಲೇ ಹುಟ್ಟಬೇಕು. ತುಕ್ಕು ತೆಗೆದು ಪೂಜೆಗೆ ಹೊಳೆಯುವಂತೆ ಮಾಡಿಕೊಡು ಎಂದು ಹೇಳಿ ಹೋದ.

ಬಣ್ಣದವನು ರೇಡಿಯೇಟರನ್ನು ಬಿಡಿಯಾಗಿ ಕಂಡದ್ದು ಅದೇ ಮೊದಲು. ಇದು ಏನು ಕೆಲಸ ಮಾಡುತ್ತದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದ. ಉಪ್ಪುಕಾಗದ ತಿಕ್ಕಿ, ಒಣಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟ. ಅಲ್ಲಿಯವರೆಗೆ ಅವನ ಕೆಲಸದಲ್ಲಿ ಯಾರೂ ಹುಳುಕು ಹುಡುಕುವಂತಿರಲಿಲ್ಲ.

ಆಮೇಲೆ ಹತ್ತಿರ ಕೂತು ನೋಡುತ್ತಾನೆ, ಮೈತುಂಬಾ ಸಂದು! ತೆಳು ತಗಡುಗಳ ನಡುವೆ ಎಣಿಸಲಾಗದಷ್ಟು ಸಂದು. ಧೂಳು ನುಗ್ಗುವುದು ಇಲ್ಲೇ, ನೀರು ನಿಲ್ಲುವುದು ಇಲ್ಲೇ, ಇವನ್ನು ಮುಚ್ಚಿಬಿಟ್ಟರೆ ಇನ್ನು ಜನ್ಮದಲ್ಲಿ ತುಕ್ಕು ಹಿಡಿಯದು ಎಂದು ಅವನಿಗೆ ಹೊಳೆಯಿತು. ಎರಡು ದಿನ ಕೂತು ಒಂದನ್ನೂ ಬಿಡದೆ ಪುಟ್ಟಿ ತುಂಬಿದ. ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದ. ಅದರ ಮೇಲೆ ಹಸಿರು ಎನಾಮೆಲ್ ಮೂರು ಕೋಟ್. ಮುಖ ನೋಡಿಕೊಂಡು ತಲೆ ಬಾಚಬಹುದು, ಹಾಗಾಯಿತು. ಹಬ್ಬದ ಗಡಿಬಿಡಿಯಲ್ಲಿ ಲಾರಿಯವನು ಹೊಳಪನ್ನಷ್ಟೇ ನೋಡಿದ. ಹಿಗ್ಗಿ ಹೊತ್ತುಕೊಂಡು ಹೋದ.

ಪೂಜೆ ಮುಗಿಯಿತು. ಲಾರಿ ರಸ್ತೆಗಿಳಿದ ಮೊದಲ ದಿನವೇ ಏರಿನಲ್ಲಿ ಎಂಜಿನ್ನಿನ ನೀರು ಕುದಿದು ನಿಂತಿತು. ಮೆಕ್ಯಾನಿಕ್ಕು ಪೈಪು ಬದಲಿಸಿದ, ಬೆಲ್ಟು ಬದಲಿಸಿದ, ನೀರಿನ ಪಂಪು ಬಿಚ್ಚಿ ನೋಡಿದ. ಲಾರಿ ಮತ್ತೆ ಕುದಿಯಿತು. ಇನ್ನೊಮ್ಮೆ ಹೀಗಾದರೆ ಎಂಜಿನ್ ಸೀಜ್ ಆಗುತ್ತದೆ, ಆಮೇಲೆ ಲಾರಿ ಗುಜರಿಗೆ ಎಂದು ಕೈ ತೊಳೆದುಕೊಂಡ. ಎಲ್ಲವನ್ನೂ ಬಿಚ್ಚಿ ನೋಡಿದ ಪುಣ್ಯಾತ್ಮ ರೇಡಿಯೇಟರನ್ನು ಮಾತ್ರ ಮುಟ್ಟಲಿಲ್ಲ. ಇಡೀ ಲಾರಿಯಲ್ಲಿ ಹೊಸದಾಗಿ ಕಾಣುತ್ತಿದ್ದದ್ದು ಅದೊಂದೇ.

ಈ ಸುದ್ದಿ ಬಣ್ಣದವನ ಕಿವಿಗೆ ಬಿತ್ತು. ಆಗ ಅವನಿಗೆ, ಮೊದಲು ಹುಟ್ಟಬೇಕಾಗಿದ್ದ ಕುತೂಹಲ ಹುಟ್ಟಿತು. ಅಲ್ಲ, ನಾನು ಬಣ್ಣ ಬಳಿದ ಆ ವಸ್ತು ಅಲ್ಲಿ ಕೂತು ಮಾಡುವುದಾದರೂ ಏನು? ಊಟಕ್ಕೆ ಕೂತರೆ ಅದೇ ಯೋಚನೆ, ಬ್ರಷ್ಷು ಹಿಡಿದರೆ ಅದೇ ಯೋಚನೆ. ಕೊನೆಗೆ ಲಾರಿಯವನ ಬಳಿ ಹೋಗಿ, ನನ್ನನ್ನೂ ಒಮ್ಮೆ ಕೂರಿಸಿಕೊಂಡು ಹೋಗು ಎಂದು ಬೇಡಿದ. ಲಾರಿಯವನು ಬೇಸರದಲ್ಲೇ ಹತ್ತಿಸಿಕೊಂಡ.

ಏರಿನ ನಡುವೆ ಒಂದು ಚಹಾದಂಗಡಿ. ಅಲ್ಲಿಗೆ ಬರುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗುರುತಿಗೆ ಹತ್ತಿರವಾಗಿತ್ತು. ಲಾರಿಯವನು ಗಾಡಿ ನಿಲ್ಲಿಸಿ ನೀರು ತರಲು ಓಡಿದ. ಎಂಜಿನ್ ಚಾಲೂ ಇತ್ತು. ಬಣ್ಣದವನು ಇಳಿದು ಇಣುಕಿದ. ರೇಡಿಯೇಟರಿನ ಬೆನ್ನಿಗೆ ಒಂದು ಫ್ಯಾನು ಗಿರಗಿರ ತಿರುಗುತ್ತಿತ್ತು. ಇಷ್ಟು ಜೋರಾಗಿ ತಿರುಗುವುದು ಯಾವ ಗಾಳಿಯನ್ನು ಎಳೆಯುವುದಕ್ಕೆ? ಹೆಗಲ ಟವೆಲ್ಲನ್ನು ತೆಗೆದು ಲಾರಿಯ ಮೂತಿಗೆ ಹಿಡಿದ. ಟವೆಲ್ಲು ಸುಮ್ಮನೆ ಜೋತುಬಿತ್ತು.

ಪಕ್ಕದಲ್ಲಿ ಇನ್ನೊಂದು ಲಾರಿ ನಿಂತಿತ್ತು. ಅದರ ಎಂಜಿನ್ನೂ ಚಾಲೂ ಇತ್ತು. ಹೋಗಿ ಅದರ ಮೂತಿಗೂ ಹಿಡಿದ. ಟವೆಲ್ಲನ್ನು ಯಾರೋ ಒಳಗಿನಿಂದ ಜಗ್ಗಿದಂತಾಯಿತು. ಅಂಟಿಕೊಂಡು ಬಿಡದು. ಜಾಲರಿಯ ಆಚೆ ಕಣ್ಣಿಟ್ಟು ನೋಡಿದ. ಸಾವಿರ ಸಂದು, ಎಲ್ಲ ತೆರೆದೇ ಇದ್ದವು. ಎಂಜಿನ್ ಸುತ್ತಿ ಬಂದ ನೀರಿನ ಬಿಸಿ ಆ ಸಂದುಗಳ ಗಾಳಿಗೆ ಸಿಕ್ಕಿ ಹೊರಗೆ ಹೋಗುತ್ತಿತ್ತು.

ಬಣ್ಣದವನಿಗೆ ತಾನು ಮಾಡಿದ್ದು ಏನೆಂದು ತಿಳಿಯಿತು. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಈ ಗುಟ್ಟು ಗೊತ್ತಿದ್ದದ್ದು ಅವನೊಬ್ಬನಿಗೆ. ಸುಮ್ಮನಿದ್ದರೆ ಕೇಳುವವರಿಲ್ಲ. ಹೇಳಿದರೆ ಮುಂದಿನ ಹಬ್ಬಕ್ಕೆ ಅವನ ಕೈಗೆ ಒಂದು ಬೀಗದ ಕೈಯನ್ನೂ ಯಾರೂ ಕೊಡುವುದಿಲ್ಲ. ಲಾರಿಯವನು ಕೊಡ ಹೊತ್ತು ಏದುಸಿರು ಬಿಡುತ್ತಾ ಬಂದ. ಅವನ ಮುಖ ನೋಡಿದ ಮೇಲೆ ಬಣ್ಣದವನಿಗೆ ಸುಮ್ಮನಿರಲು ಆಗಲಿಲ್ಲ.

“ಯಣ್ಣಾ, ನಿನ್ನ ಗಾಡಿ ಕೆಡಿಸಿದವ ನಾನ,” ಎಂದ. “ಅದು ಉಸಿರಾಡೂ ದಾರಿ ಮುಚ್ಚೀನಿ.”

ಲಾರಿಯವನು ಟವೆಲ್ಲು ನೋಡಿದ, ಮೂತಿ ನೋಡಿದ. ಕೊಡ ಕೆಳಗಿಟ್ಟ. ಬೈಯಲು ಬಾಯಿ ತೆರೆದವನು, ಬೈದು ಏನು ಮಾಡುವುದೆಂದು ಸುಮ್ಮನಾದ. “ಮತ್ತ ಈಗೇನು ಮಾಡತೀ?” ಎಂದ.

“ಕೆರೀತೀನಿ.”

ಅಲ್ಲೇ ಎಂಜಿನ್ ಆರಿಸಿ, ಲಾರಿಯನ್ನು ಹಗ್ಗ ಕಟ್ಟಿ ಊರಿಗೆ ಎಳೆಸಿಕೊಂಡು ಬಂದರು. ಬಣ್ಣದವನು ದಬ್ಬಣ ಹಿಡಿದು ಬೀದಿಯಲ್ಲೇ ಕೂತ. ನೋಡಿದವರೆಲ್ಲ ನಕ್ಕರು. ಅವನು ಸಂದಿನಿಂದ ಸಂದಿಗೆ ಕೆರೆಯುತ್ತಾ ಹೋದ. ಎಲ್ಲ ತೆರೆದ ಮೇಲೆ, ತುಕ್ಕು ತಡೆಯುವಷ್ಟೇ ತೆಳ್ಳಗೆ ಕಪ್ಪು ಬಣ್ಣ ಊದಿ ಕೊಟ್ಟ. ಹೊಳಪು ಗಿಳಪು ಏನೂ ಇರಲಿಲ್ಲ. ಲಾರಿ ಆ ಏರನ್ನು ಒಂದೇ ಉಸಿರಿಗೆ ಹತ್ತಿತು.

ಅಜ್ಜ ಕತೆ ನಿಲ್ಲಿಸಿದರು. ಈರಯ್ಯ ನೆಲ ನೋಡುತ್ತಾ ಕೂತಿದ್ದ. “ಅಜ್ಜಾರ, ಅದನ್ನೆಲ್ಲಾ ಕೆರಿಯಾಕ ಅವಂಗ ಎಷ್ಟು ದಿನ ಹಿಡೀತ್ರಿ?” ಎಂದು ಕೇಳಿದ.

“ಮೂರು ಕೋಟ್ ಬಣ್ಣಕ್ಕ ಐದು ದಿನ ಹಿಡೀತು. ನೀ ಮಠಕ್ಕ ಬಂದು ಆರು ವರ್ಷ ಆತು ನೋಡು,” ಎಂದರು ಅಜ್ಜ.