ಹಗೇವಿನ ಅಂಕಿತ

ಕೋಳಿ ಕದ್ದವನನ್ನು ಹಿಡಿದು ಕಂಬಕ್ಕೆ ಕಟ್ಟುತ್ತಾರೆ. ಹಾಡು ಕದ್ದವನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಈ ನ್ಯಾಯವನ್ನು ರುದ್ರವ್ವ ಕಣ್ಣಾರೆ ನೋಡಿ ಬಂದಿದ್ದಳು.

ಬಸ್ಸಿನಿಂದ ಇಳಿದವಳು ಮನೆಯ ದಾರಿ ಹಿಡಿಯಲಿಲ್ಲ. ಬಗಲಲ್ಲಿ ಏಕತಾರಿ ಇಟ್ಟುಕೊಂಡು ನೆಟ್ಟಗೆ ಡೋಣಿ ಹೊಳೆಯ ದಂಡೆಗೆ, ದಸ್ತಗೀರಜ್ಜನ ಮಠಕ್ಕೆ ನಡೆದಳು.

ಮಠಕ್ಕೆ ಸಾಬರೊಬ್ಬರು ಹೇಗೆ ಅಜ್ಜರಾದರು ಎಂದು ಹೊರಗಿನವರು ಕೇಳುತ್ತಾರೆ. ಆ ಸೀಮೆಯವರಿಗೆ ಇನ್ನೂ ಆ ಪ್ರಶ್ನೆ ಹೊಳೆದಿಲ್ಲ. ತತ್ವಪದ ಕಲಿಯಬೇಕಾದವರು ಅಲ್ಲಿಗೆ ಹೋಗುತ್ತಾರೆ, ಕಲಿಯುತ್ತಾರೆ, ಬರುತ್ತಾರೆ.

ರುದ್ರವ್ವ ಅಲ್ಲಿ ಕಲಿತವಳು. ಕಲಿತಷ್ಟಕ್ಕೆ ನಿಲ್ಲದೆ ತಾನೇ ಪದ ಕಟ್ಟಿದವಳು. ಬಿತ್ತುವವರಿಗೆ, ಬೀಸುವವರಿಗೆ, ಹೆಣದ ಮುಂದೆ ಕೂತು ಅಳುವವರಿಗೆ ಅವಳ ಪದ ಬೇಕು. ಬಡಗಣ ಸೀಮೆಯಲ್ಲಿ ಅವಳ ದನಿ ಕೇಳದ ಊರಿಲ್ಲ.

ಅಜ್ಜ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ರುದ್ರವ್ವ ಏಕತಾರಿಯನ್ನು ಅವನ ಮುಂದಿಟ್ಟಳು. ಕಾಲಿಗೆ ಬೀಳುವುದನ್ನೂ ಮರೆತಿದ್ದಳು.

"ತಗೋರಿ ಅಜ್ಜಾರ. ನಿಮ್ಮದು ನಿಮಗ ಮುಟ್ಟಿಸೇನಿ. ಇನ್ನ ನಾ ಹಾಡಂಗಿಲ್ಲ."

"ದನಿ ಬಿದ್ದೈತೇನ?"

"ದನಿ ಗಟ್ಟಿ ಐತಿ."

"ಮತ್ತ?"

"ನನ್ನ ಪದ ಕದ್ದಾರ್ರೀ! ಹಾಡಾ ಹಗಲಿ, ಸಾವಿರ ಮಂದಿ ಮುಂದ!"

ಅವಳು ಹೇಳಿದಳು. ಹೇಳಿದಳು ಎನ್ನುವುದಕ್ಕಿಂತ ಕಾರಿದಳು ಎನ್ನಬೇಕು.

ತೆಂಕಣ ಸೀಮೆಯ ದೊಡ್ಡ ಪಟ್ಟಣದಲ್ಲಿ ಉತ್ಸವ. ರುದ್ರವ್ವನ ಮೇಳವನ್ನೂ ಕರೆಸಿದ್ದರು. ಇಳಕಲ್ಲ ಸೀರೆಯನ್ನೇ ಉಟ್ಟು ಬರಬೇಕೆಂದು ಫೋನು ಮಾಡಿ ಹೇಳಿದ್ದರು. ಸೀರೆ ಉಟ್ಟು ಅವಳು ಪರದೆಯ ಹಿಂದೆ ಕಾಯುತ್ತಿದ್ದಾಗ, ಮುಂದೆ ಹೆಸರಾಂತ ಗಾಯಕನೊಬ್ಬ ಹಾಡಲು ನಿಂತ. ನಿರೂಪಕಿ ಮೈಕು ಹಿಡಿದು, "ಹೆಸರೇ ಗೊತ್ತಿಲ್ಲದ ಜಾನಪದ ಕವಿಯೊಬ್ಬ ತನ್ನ ತಾಯಿಯನ್ನು ನೆನೆದು ಕಟ್ಟಿದ ಹಾಡು" ಎಂದಳು.

ಹಾಡು ಶುರುವಾಯಿತು. ಅದು ರುದ್ರವ್ವ ತನ್ನ ಅವ್ವ ಸತ್ತಾಗ ಕಟ್ಟಿದ ಪದ.

"ಹೆಸರು ಕಳದ್ರು, ಹೋಗ್ಲಿ. ನನ್ನ ಗಂಡಸೂ ಮಾಡಿಬಿಟ್ರು ಅಜ್ಜಾರ! ಕವಿಯೊಬ್ಬ ಅಂತ! ಆ ಕವಿಯೊಬ್ಬ ಅಲ್ಲೇ ಪರದೆ ಹಿಂದ ಸೀರಿ ಉಟಗೊಂಡು ನಿಂತಿದ್ದ!"

ಅಜ್ಜನಿಗೆ ನಗು ಬಂತು. ರುದ್ರವ್ವನ ಮುಖ ನೋಡಿ ನುಂಗಿಕೊಂಡ.

"ನೀ ಸುಮ್ಮ ಇದ್ದೇನ?"

"ಯಾಕ ಸುಮ್ಮ ಇರ್ಲಿ? ಉತ್ಸವ ಮಾಡಾವ್ರನ್ನ ಹಿಡಕೊಂಡು ಕೇಳಿದೆ. ಅವರಂತಾರ, ಜನಪದ ಅಂದ್ರೆ ಎಲ್ಲರದೂ ತಾನೇ ಅಮ್ಮ, ಇಷ್ಟಕ್ಕೆಲ್ಲ ಬೇಜಾರು ಮಾಡ್ಕೋಬಾರದು ಅಂತ. ನಾ ಅಂದೆ, ಎಲ್ಲಾರದು ಅಂದ್ರ ಆ ಎಲ್ಲಾರಾಗ ನಾ ಇಲ್ಲೇನು ಅಂತ."

"ಏನಂದ್ರು?"

"ಊಟದ ಕೂಪನ್ ಕೊಟ್ರು."

ಅವಳ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಸಿಟ್ಟಿನಲ್ಲೇ ಒರೆಸಿಕೊಂಡಳು. ಅಜ್ಜ ಈಗ ಉಪದೇಶಕ್ಕೆ ಇಳಿಯುತ್ತಾನೆ, ಹೆಸರಿನ ಹಂಬಲ ಬಿಡು, ನಾನು ಎಂಬುದನ್ನು ಬಿಡು ಎನ್ನುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಕೊಡಬೇಕಾದ ಉತ್ತರವನ್ನು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡು ಬಂದಿದ್ದಳು. ಹಾಡುವವರು ಮಾತ್ರ ಯಾಕೆ ಬಿಡಬೇಕು? ಶಾಲು ಹೊದ್ದವರು ಯಾವತ್ತಾದರೂ ಏನನ್ನಾದರೂ ಬಿಟ್ಟಿದ್ದಾರೆಯೇ?

ಅಜ್ಜ ಅದೊಂದನ್ನೂ ಹೇಳಲಿಲ್ಲ. ಹೊಸೆದ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿ ನೋಡಿ ಎದ್ದ.

"ದಾಸೋಹದ ಜ್ವಾಳ ತೀರ್‍ಯಾವು. ಹಗೇವ ತಗೀಬೇಕು. ಬಂದೀಯಲ್ಲ, ಒಂದು ಕೈ ಹಚ್ಚು."

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕೋಣೆ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಬಾಯಿಗೊಂದು ಚಪ್ಪಡಿ ಕಲ್ಲು, ಅದರ ಮೇಲೆ ಮಣ್ಣು. ಗೊತ್ತಿಲ್ಲದವರು ಅದರ ಮೇಲೇ ನಡೆದು ಹೋಗುತ್ತಾರೆ. ಉಳಿದ ಕಡೆ ಎಲ್ಲ ಮುಚ್ಚಿಹೋದರೂ ಈ ಮಠದ ಅಂಗಳದಲ್ಲಿ ಒಂದು ಉಳಿದಿತ್ತು. ಅದರಿಂದಲೇ ಅದು ಹಗೇವಿನ ಮಠ. ಅಲ್ಲಿ ಕಲಿತು ಪದ ಕಟ್ಟುವವರಿಗೆಲ್ಲ ಒಂದೇ ಅಂಕಿತ, ಹಗೇವಿನೊಡೆಯ. ಪದದ ಕೊನೆಯಲ್ಲಿ ಆ ಹೆಸರು ಬಂದರೆ ಅದು ಯಾವ ಮನೆಯ ಪದವೆಂದು ಕೇಳಿದವರಿಗೆ ತಿಳಿಯುತ್ತದೆ.

ಇಬ್ಬರೂ ಮಣ್ಣು ಸರಿಸಿದರು. ಹಾರೆ ಕೊಟ್ಟು ಕಲ್ಲು ಮೀಟಿದರು. ರುದ್ರವ್ವ ಆ ಗಾಯಕನ ಕುತ್ತಿಗೆಯನ್ನೇ ಮೀಟುವವಳ ಹಾಗೆ ಮೀಟಿದಳು. ಕಲ್ಲು ಸರಿಯಿತು. ಒಳಗಿನಿಂದ ಬಿಸಿ ಗಾಳಿ, ಮುಗ್ಗಲು ವಾಸನೆ ಎದ್ದು ಬಂತು.

ಅವಳು ಸೀರೆ ಎತ್ತಿ ಕಟ್ಟಿ, ನಿಚ್ಚಣಿಕೆ ಇಳಿಬಿಟ್ಟು, ಒಂದು ಕಾಲು ಇಟ್ಟೇಬಿಟ್ಟಳು.

ಅಜ್ಜ ರಟ್ಟೆ ಹಿಡಿದು ಎಳೆದ.

"ಸಾಯ್ತಿ ಏನ? ಕಾವು ಹೋಗ್ಲಿ ಮೊದಲ."

ಒಳಗಿನ ಗಾಳಿ ಪರೀಕ್ಷಿಸಲು ಕಂದೀಲು ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಬಿಟ್ಟ. ಅರ್ಧ ಇಳಿಯುವುದರೊಳಗೆ ದೀಪ ಆರಿಹೋಯಿತು.

"ಇನ್ನೂ ಕಾವು ಭಾಳ ಐತಿ," ಎಂದ ಅಜ್ಜ.

"ಹಗೇವಿಗೆ ಅಂದ್ರೋ, ನನಗ ಅಂದ್ರೋ?"

"ಹೆಸರಿಟ್ಟವ್ರು ಬರೋಬ್ಬರಿ ಇಟ್ಟಾರ ನಿನಗ. ಕುಂದರು."

ಅವರು ಬೇವಿನ ನೆರಳಿಗೆ ಕೂತರು. ಹಗೇವು ಬಾಯಿ ತೆರೆದುಕೊಂಡು ಉಸಿರು ಬಿಡುತ್ತಿತ್ತು.

ಸ್ವಲ್ಪ ಹೊತ್ತು ಬಿಟ್ಟು ಅಜ್ಜ ಕೇಳಿದ: "ಹ್ಯಾಂಗ ಹಾಡಿದ ಅಂವ?"

"ಯಾಕ್ರಿ ಈಗ ಅದು?"

"ಕಳ್ಳ ಏನೇನು ಒಯ್ದಾನ ನೋಡೂಣು. ಅಂವ ಹಾಡಿದಂಗ ಹಾಡು."

ರುದ್ರವ್ವ ಮೂಗಿನಲ್ಲಿ ದನಿ ತೆಗೆದು, ಕಣ್ಣು ಮುಚ್ಚಿ, ಕೈ ಗಾಳಿಯಲ್ಲಿ ಆಡಿಸುತ್ತ, ಗಾಯಕನ ಗತ್ತಿನಲ್ಲೇ ಹಾಡಿದಳು:

"ಮೇಲೆ ನಡೆದವರಿಗೆ ಮಣ್ಣಷ್ಟೆ ಕಂಡೀತು,
ಒಳಗಿನ ಕಾಳು ಯಾರು ಕಂಡಾರು?
ಬರದಲ್ಲಿ ಬಾಯ್ತೆರೆದು ಉಣಿಸಿದಳು ನಮ್ಮಮ್ಮ,
ಬಗ್ಗಿ ನೋಡೋ, ಕಣಜದೊಡೆಯ."

ಅಜ್ಜ ಕೇಳಿದ. ಮುಖದಲ್ಲಿದ್ದ ನಗು ಮಾಯವಾಯಿತು.

"ಕಡೀಕ ಏನಂದಿ?"

"ಬಗ್ಗಿ ನೋಡೋ..."

"ಅದರ ಮುಂದ."

"ಕಣಜದೊಡೆಯ."

"ಕಣಜ ಎಲ್ಲಿರತೈತಿ ರುದ್ರವ್ವಾ?"

"ಮನಿಯಾಗ."

"ನೆಲದ ಮ್ಯಾಲೋ, ಕೆಳಗೋ?"

"ಮ್ಯಾಲ."

"ಮ್ಯಾಲ ಇದ್ದದ್ದನ್ನ ಬಗ್ಗಿ ನೋಡ್ತಾರೇನ? ಕತ್ತೆತ್ತಿ ನೋಡ್ತಾರ. ಕಣಜದ ಮ್ಯಾಲ ಯಾರರ ನಡದಾಡ್ತಾರೇನ? ನಿಮ್ಮವ್ವ ತನ್ನ ಹಸಿವಿ ಯಾರಿಗೂ ತೋರಿಸ್ಲಾರದೆ ಸತ್ಲು. ಹೊಟ್ಟ್ಯಾಗ ಮುಚ್ಚಿಟ್ಟು ನಿಮಗ ಉಣಿಸಿದ್ಲು. ಆಕಿ ಹಗೇವ ಇದ್ಲು. ಆಕೀನ ಎತ್ತಿ ಪಡಸಾಲ್ಯಾಗ ಕಣಜಾ ಮಾಡಿ ನಿಲ್ಲಿಸಿದಾವ ಯಾರು?"

ರುದ್ರವ್ವ ಬಾಯಿ ತೆರೆದಳು. ಅವನೇ, ಆ ಗಾಯಕನೇ ಎಂದು ಹೇಳಬೇಕೆಂದಿದ್ದಳು.

ಅವನಲ್ಲ. ಅವನು ಉಳಿದ ಮಾತುಗಳನ್ನಷ್ಟೇ ತನ್ನ ಕಡೆಯ ಧಾಟಿಗೆ ತಿದ್ದಿಕೊಂಡಿದ್ದ. ಆ ಒಂದು ಶಬ್ದವನ್ನು ಬದಲಿಸಿದ್ದು ಅವಳೇ.

ಬಹಳ ಹಿಂದಿನ ಮಾತು. ಅವಳ ಪದಗಳನ್ನು ಮೊದಲ ಸಲ ರೆಕಾರ್ಡಿಂಗ್ ಮಾಡಿದಾಗ, ಗಾಜಿನ ಆಚೆ ಕೂತವನು ಕೈ ಎತ್ತಿ ನಿಲ್ಲಿಸಿದ್ದ. ಹಗೇವು ಅಂದ್ರೆ ನಮ್ಮ ಕಡೆ ಯಾರಿಗೂ ತಿಳಿಯಲ್ಲಮ್ಮ, ಕಣಜ ಅನ್ನಿ, ಎಲ್ಲ ಕಡೆ ಓಡುತ್ತೆ ಎಂದಿದ್ದ. ಒಂದು ಶಬ್ದ ತಾನೇ ಎಂದು ಅವಳು ಹಾಗೇ ಹಾಡಿದ್ದಳು. ಅವನು ಹೇಳಿದಂತೆ ಹಾಡು ಎಲ್ಲ ಕಡೆ ಓಡಿತು. ಆಮೇಲೆ ಅವಳೂ ಊರಲ್ಲಿ, ಜಾತ್ರೆಯಲ್ಲಿ, ಸತ್ತವರ ಮನೆಯಲ್ಲಿ ಕಣಜವೆಂದೇ ಹಾಡುತ್ತ ಬಂದಳು. ನಾಲಿಗೆಗೆ ಅದೇ ರೂಢಿಯಾಗಿತ್ತು.

ಇದನ್ನೆಲ್ಲ ಅವಳು ತಲೆ ತಗ್ಗಿಸಿ ಅಜ್ಜನಿಗೆ ಹೇಳಿದಳು.

"ಆ ರೆಕಾರ್ಡು ನಾನೂ ಕೇಳೇನಿ," ಎಂದ ಅಜ್ಜ. "ಯಾರೋ ಫೋನಿನ್ಯಾಗ ಹಚ್ಚಿದ್ರು. ದನಿ ನಿಂದ ಇತ್ತು. ಕಡೀಕ ಬಂದ ಕೂಡ್ಲೆ ಪದ ಯಾರದೋ ಅನಿಸ್ತು. ಬಂದ್ ಮಾಡ್ರಪ್ಪಾ ಅಂದೆ."

ಗಾಯಕ ಕದ್ದಾಗ ಆಗದಷ್ಟು ನೋವು ಈಗ ಆಯಿತು. ನೋವು ಮತ್ತೆ ಸಿಟ್ಟಿಗೇ ತಿರುಗಿತು.

"ಆವಾಗ್ಯಾಕ ಹೇಳ್ಲಿಲ್ರಿ ಮತ್ತ? ಕಪಾಳಕ್ಕ ಒಂದು ಬಿಡಬೇಕಿತ್ತು!"

"ಆವಾಗ ನಿನಗೂ ಶಾಲ ಹೊಚ್ಚಾಕತ್ತಿದ್ರು. ಆ ಗದ್ದಲದಾಗ ಈ ಮುದುಕನ ಮಾತು ಕೇಳತಿದ್ದೇನ?"

ಕೇಳುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಹಂಗಾರ ಅಂವ ಮಾಡಿದ್ದು ಬರೋಬ್ಬರಿ ಅಂತೀರೇನು?"

ಅಜ್ಜ ಥಟ್ಟನೆ ತಿರುಗಿದ. ಅವನ ದನಿ ಅಷ್ಟು ಏರಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಯಾರಂದ್ರು? ಅಂವ ಕಳ್ಳ. ಅಂವಗ ಶಾಲ ಹೊಚ್ಚಿದವ್ರು ಅಂವನಕಿಂತ ದೊಡ್ಡ ಕಳ್ರು. ಜೀವಂತ ಹೆಣಮಗಳನ್ನ ಹಿಂದ ನಿಲ್ಲಿಸಿ, ಮುಂದ ಹೆಸರು ಗೊತ್ತಿಲ್ಲ ಅನ್ನಾಕ ನಾಲಿಗಿ ಹ್ಯಾಂಗ ಬಂತು? ನಾ ಅಲ್ಲಿದ್ರ ಆ ಮೈಕ ಕಿತ್ತು ಬೀಸಿ ಒಗೀತಿದ್ದೆ!"

ಉಸಿರು ತೆಗೆದುಕೊಂಡು ದನಿ ಇಳಿಸಿದ.

"ಅಂವ ನಿನ್ನ ಹೆಸರ ತಗದ. ನೀ ಅದಕಿಂತ ಮೊದಲ ಅಂಕಿತ ತಗದಿದ್ದಿ. ಗುರುತಿಲ್ಲದ ದನ ಸಂತಿಗೆ ಬಿಟ್ಟೀದಿ, ಯಾರೋ ಹಿಡಕೊಂಡು ಹ್ವಾದ್ರು. ಬೈಯೂಣು, ಅಂವಗೂ ಬೈಯೂಣು. ಆದ್ರ ನಿನ್ನ ಪಾಲಿನ ತಪ್ಪ ನೀ ಮರೀಬ್ಯಾಡ."

ರುದ್ರವ್ವ ಎದ್ದು ಹೋಗಿ, ತಾನೇ ಕಂದೀಲು ಹೊತ್ತಿಸಿ, ಹಗ್ಗ ಬಿಟ್ಟಳು. ದೀಪ ಕೆಳಗಿನವರೆಗೂ ಇಳಿಯಿತು. ಸ್ವಲ್ಪ ತುಯ್ದಾಡಿ ನಿಂತಿತು. ಆರಲಿಲ್ಲ.

"ಈಗ ಇಳಿ," ಎಂದ ಅಜ್ಜ.

ಅವಳು ಇಳಿದಳು. ಒಳಗೆ ಜೋಳದ ರಾಶಿ, ಗೋಡೆಗೆ ಮೆತ್ತಿದ ಹುಲ್ಲು, ಮೇಲೆ ರೊಟ್ಟಿಯಗಲ ಬೆಳಕು. ಕಾಳಿನಲ್ಲಿ ಮೊಣಕಾಲವರೆಗೆ ಹೂತು ನಿಂತಳು. ಇಷ್ಟು ವರ್ಷ ಹಗೇವಿನೊಡೆಯನ ಶಿಷ್ಯೆ ಎನಿಸಿಕೊಂಡವಳು ಹಗೇವಿನೊಳಗೆ ಇಳಿದದ್ದು ಅದೇ ಮೊದಲು. ಬುಟ್ಟಿ ತುಂಬುವುದನ್ನು ಬಿಟ್ಟು ಸುಮ್ಮನೆ ನಿಂತುಬಿಟ್ಟಳು.

ಅವ್ವ ನೆನಪಾದಳು. ನನಗ ಹಸಿವಿಲ್ಲ, ನೀವು ಉಣ್ಣರಿ ಎನ್ನುತ್ತಿದ್ದ ಅವ್ವ.

ತುಟಿ ತಾನಾಗಿ ತೆರೆಯಿತು.

"ಮ್ಯಾಲ ನಡದವರಿಗಿ ಮಣ್ಣಷ್ಟ ಕಂಡೀತ,
ಒಳಗಿನ ಕಾಳ ಯಾರ ಕಂಡಾರ?
ಬರದಾಗ ಬಾಯ್ತೆರೆದು ಉಣಿಸ್ಯಾಳ ನಮ್ಮವ್ವ,
ಬಗ್ಗಿ ನೋಡ, ಹಗೇವಿನೊಡೆಯ."

ಮತ್ತೊಮ್ಮೆ ಹಾಡಿದಳು. ಮೇಲಿನ ಬೆಳಕು ಮರೆಯಾಯಿತು. ತಲೆ ಎತ್ತಿ ನೋಡಿದರೆ, ಅಜ್ಜ ಎರಡೂ ಕೈ ನೆಲಕ್ಕೂರಿ ಹಗೇವಿನ ಬಾಯಿಯಲ್ಲಿ ಬಗ್ಗಿ ಕೇಳುತ್ತಿದ್ದ. ಅವನ ಗಡ್ಡ ಒದ್ದೆಯಾಗಿತ್ತು.

ಬುಟ್ಟಿ ಬುಟ್ಟಿ ಜೋಳ ಮೇಲೆ ಹೋಯಿತು. ಕೊನೆಗೆ ಅವಳೂ ಹತ್ತಿ ಬಂದಳು. ತಲೆ ತುಂಬ ಧೂಳು, ಇಳಕಲ್ಲ ಸೀರೆಯ ಬಣ್ಣವೇ ಕಾಣುತ್ತಿರಲಿಲ್ಲ. ಏಕತಾರಿ ಅಲ್ಲೇ ಅಜ್ಜನ ಹಗ್ಗದ ಪಕ್ಕದಲ್ಲಿತ್ತು. ಅವಳು ಅದನ್ನು ಎತ್ತಿಕೊಂಡು ತಂತಿಯ ಮೇಲಿನ ಮಣ್ಣು ಊದಿದಳು.

"ಆ ಉತ್ಸವಕ್ಕ ಮತ್ತ ಹೋಗ್ತೀನ್ರಿ. ಕರದ್ರೂ ಹೋಗ್ತೀನಿ, ಕರೀದಿದ್ರೂ ಹೋಗ್ತೀನಿ. ಆ ಮೈಕಿನ ಮುಂದ ನಿಂತು ಇದು ಯಾರ ಪದ ಅಂತ ಹೇಳ್ತೀನಿ."

"ಹೇಳು. ಗಟ್ಟಿಯಾಗಿ ಹೇಳು."

"ಆಮ್ಯಾಲ ಹಾಡ್ತೀನಿ. ಹಗೇವ ಅಂತನ ಹಾಡ್ತೀನಿ." ಗಾಜಿನ ಆಚೆಯವನು ಎತ್ತಿದ ಕೈ ಇನ್ನೂ ಅವಳ ಕಣ್ಣ ಮುಂದಿತ್ತು. "ಆದ್ರ ಅಜ್ಜಾರ, ಖರೇನ ಅಲ್ಲಿ ಮಂದಿಗೆ ಆ ಶಬ್ದ ತಿಳಿಯಂಗಿಲ್ರಿ."

ದಸ್ತಗೀರಜ್ಜ ಚಪ್ಪಡಿ ಕಲ್ಲಿಗೆ ಹಾರೆ ಕೊಡುತ್ತಿದ್ದವನು ನಿಂತ.

"ತಿಳೀಲಾರದವ್ರು ಬಗ್ಗಿ ನೋಡ್ಲಿ."